ಗಾಳಿಯ ಮೇಲೆ ಹೊರಿಸಿದ ರೋಗ

ದೀಪಾವಳಿ ಕಳೆದ ಮೇಲೆ ದಿಲ್ಲಿಯ ಮಕ್ಕಳ ವಾರ್ಡುಗಳಲ್ಲಿ ಯಾರೂ ರೋಗ ಹುಡುಕುವುದಿಲ್ಲ. ಹುಡುಕುವ ಅಗತ್ಯವೇ ಇರುವುದಿಲ್ಲ, ಅದು ಕಿಟಕಿಯ ಹೊರಗೆ ಬೂದು ಬಣ್ಣದಲ್ಲಿ ನಿಂತಿರುತ್ತದೆ. ನಾನು ಮಕ್ಕಳ ಶ್ವಾಸಕೋಶದ ವೈದ್ಯೆ. ಆ ದಿನಗಳಲ್ಲಿ ನಮ್ಮಲ್ಲಿ ಒಂದೊಂದು ಹಾಸಿಗೆಗೆ ಇಬ್ಬಿಬ್ಬರು ಮಕ್ಕಳು, ಎಲ್ಲರ ಮೂತಿಗೂ ಔಷಧವನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಸರಿನ ಮಾಸ್ಕು. ಈ ಊರಿನ ಮನೆಗಳಲ್ಲಿ ನೆಬ್ಯುಲೈಸರ್ ಮಿಕ್ಸಿಯಷ್ಟೇ ಸಾಮಾನ್ಯವಾದ ಯಂತ್ರ. ಇಂಥಲ್ಲಿ ಉಬ್ಬಸಪಡುವ ಮಗುವಿಗೆ ಆಸ್ತಮಾ ಅಲ್ಲದೆ ಬೇರೇನೋ ಇರಬಹುದು ಎನ್ನುವುದು, ಮಳೆಯಲ್ಲಿ ತೊಯ್ದು ಬಂದವನನ್ನು ಬೆವರಿದ್ದೀಯಾ ಎಂದು ಕೇಳಿದ ಹಾಗೆ.

ಆ ಹುಡುಗಿಯನ್ನು ಕರೆತಂದವರೂ ನನ್ನ ವಿದ್ಯೆಯನ್ನು ಹುಡುಕಿ ಬಂದವರಲ್ಲ. ನನ್ನ ಭಾಷೆಯನ್ನು ಹುಡುಕಿ ಬಂದಿದ್ದರು. ದಿಲ್ಲಿಯ ಕನ್ನಡಿಗರಲ್ಲಿ ಕನ್ನಡದ ಡಾಕ್ಟರ ಹೆಸರು ಮದುವೆಯಿಂದ ಮದುವೆಗೆ, ಪೂಜೆಯಿಂದ ಪೂಜೆಗೆ ದಾಟುತ್ತಿರುತ್ತದೆ. ಮೊಣಕಾಲು ನೋವಿನವರೂ ನನ್ನ ಹತ್ತಿರ ಬಂದು ಕೂತದ್ದುಂಟು. ಹುಡುಗಿಯ ತಂದೆ ಕುಂದಾಪುರದ ಕಡೆಯವರು, ಜನಕಪುರಿಯಲ್ಲಿ ಸೌತ್ ಇಂಡಿಯನ್ ಹೋಟೆಲು ನಡೆಸುತ್ತಾರೆ. ತಾಯಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಏಳು ವರ್ಷದ ಒಬ್ಬಳೇ ಮಗಳು. ತುರ್ತು ಚಿಕಿತ್ಸೆಯ ಮಂಚದ ಮೇಲೆ ಅವಳು ಎರಡೂ ಕೈ ಊರಿ, ಮುಂದಕ್ಕೆ ಬಾಗಿ ಉಸಿರು ಎಳೆಯುತ್ತಿದ್ದರೆ, ತಂದೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇದು:

"ಹಿಂದಿ ಡಾಕ್ಟ್ರು ಹೇಳಿದ್ದು ಇವಳಿಗೆ ನಾಟೂದೇ ಇಲ್ಲ ಮೇಡಂ. ನೀವು ನಮ್ಮ ಭಾಷೆಯಲ್ಲಿ ಒಂದ್ಸಲ ಸಮಾ ಗದರಿ. ಊಟವೇ ಮಾಡದಿದ್ರೆ ದಮ್ಮು ಹೋಗೂದು ಹೇಗೆ?"

ನನಗೆ ಮೈಯೆಲ್ಲ ಉರಿಯಿತು. ಉಸಿರಿಗೆ ಒದ್ದಾಡುವ ಮಗುವನ್ನು ಗದರಲು ಡಾಕ್ಟರನ್ನು ಹುಡುಕಿಕೊಂಡು ಬಂದ ಮನುಷ್ಯನನ್ನು ಅದುವರೆಗೆ ನೋಡಿರಲಿಲ್ಲ. ಆದರೆ ಗದರಿಕೆಗೆ ಅದು ಹೊತ್ತಲ್ಲ, ನನ್ನದಕ್ಕೂ ಸಹ.

ಮಗುವಿನ ಕೈಕಾಲು ಕಡ್ಡಿ, ಮುಖ ಮಾತ್ರ ದುಂಡಗೆ ಊದಿಕೊಂಡಿತ್ತು. ವರ್ಷಗಟ್ಟಲೆ ಸ್ಟೀರಾಯ್ಡ್ ಸಿರಪ್ಪು ಕುಡಿಸಿದ ಮಕ್ಕಳ ಮುಖ ಹಾಗಾಗುತ್ತದೆ. ಶಾಲೆಯಲ್ಲಿ ಮಕ್ಕಳು ಅವಳನ್ನು ಗೋಲ್‌ಗಪ್ಪಾ, ಅಂದರೆ ಪಾನಿಪೂರಿ, ಎಂದು ಕರೆಯುತ್ತಾರೆಂದು ತಾಯಿ ಆಮೇಲೆ ಹೇಳಿದರು. ಹುಟ್ಟಿದ ಮರುವರ್ಷದಿಂದ ಆಸ್ತಮಾ ಎಂದೇ ಔಷಧ ನಡೆದಿತ್ತು. ಒಬ್ಬರಾದ ಮೇಲೆ ಒಬ್ಬರು ಡಾಕ್ಟರು, ಪ್ರತಿಯೊಬ್ಬರೂ ಹಿಂದಿನವರು ಬರೆದದ್ದರ ಮೇಲೆ ಬಾಯಿಂದ ಎಳೆಯುವ ಇನ್ನೊಂದು ಪಂಪು ಸೇರಿಸಿದ್ದರು. ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ.

ಕಿರಿಯ ವೈದ್ಯ ಆಗಲೇ ಬೆನ್ನುಬೆನ್ನಿಗೆ ನೆಬ್ಯುಲೈಸರ್ ಕೊಡುತ್ತಿದ್ದ. ಮಗು ಸುಧಾರಿಸುವ ಬದಲು ಇನ್ನಷ್ಟು ಕೆಡುತ್ತಿತ್ತು. ಇಂಜೆಕ್ಷನ್ ಶುರು ಮಾಡೋಣ, ಆಗದಿದ್ದರೆ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಕೊಡೋಣ ಎಂದ. ಪಾಠದ ಪುಸ್ತಕದ ಪ್ರಕಾರ ಅವನು ಹೇಳಿದ್ದು ಸರಿ. ನಾನು ಸ್ಟೆತಸ್ಕೋಪ್ ಇಟ್ಟೆ. ಆಸ್ತಮಾದಲ್ಲಿ ಉಸಿರು ಬಿಡುವುದು ಕಷ್ಟ. ಶ್ವಾಸಕೋಶದ ಸಾವಿರಾರು ಸಣ್ಣ ಕೊಳವೆಗಳು ಬಿಗಿದುಕೊಂಡು ಎದೆಯ ಎರಡೂ ಪಕ್ಕಗಳಲ್ಲಿ ನಾನಾ ಸ್ವರದ ಶಿಳ್ಳೆ ಕೇಳಿಸುತ್ತದೆ. ಇಲ್ಲಿ ಎಳೆಯುವಾಗಲೂ ಬಿಡುವಾಗಲೂ ಒಂದೇ ಸ್ವರ. ಪಕ್ಕೆಗಳಲ್ಲಿ ಕ್ಷೀಣವಾಗಿ, ಎದೆಮೂಳೆಯ ಮೇಲ್ತುದಿಯಲ್ಲಿ ಜೋರಾಗಿ ಕೇಳಿಸಿತು. ಸದ್ದು ಶ್ವಾಸಕೋಶದ್ದಲ್ಲ, ಅದಕ್ಕೂ ಮೊದಲಿನ ದೊಡ್ಡ ಕೊಳವೆಯದು.

ನೆಬ್ಯುಲೈಸರ್ ನಿಲ್ಲಿಸಿ ಎಂದೆ. ನರ್ಸು ಕಿರಿಯ ವೈದ್ಯನ ಮುಖ ನೋಡಿದಳು, ಅವನು ನನ್ನ ಮುಖ ನೋಡಿದ. ಆಮ್ಲಜನಕ ಮಾತ್ರ ಕೊಟ್ಟು, ಬಾಯಿಗೆ ಏನೂ ಹಾಕದೆ, ರಕ್ತನಾಳದಲ್ಲಿ ಗ್ಲೂಕೋಸು ಹರಿಸಿ, ಕೂತ ಭಂಗಿಯಲ್ಲೇ ಬಿಡಲು ಹೇಳಿದೆ. ತಂದೆ ಇಡೀ ವಾರ್ಡಿಗೆ ಕೇಳುವಂತೆ, ಹಿಂದಿಯಲ್ಲಿ, ನವೆಂಬರಿನಲ್ಲಿ ದಿಲ್ಲಿಯಲ್ಲಿ ಮಗುವಿನ ಮಾಸ್ಕು ಕೀಳುವ ಡಾಕ್ಟರನ್ನು ನೋಡಿ ಎಂದರು. ಸಂಜೆಯ ಹೊತ್ತಿಗೆ ಮಗುವಿನ ಉಸಿರು ತಾನಾಗಿ ಸರಾಗವಾಯಿತು. ಯಾವ ಔಷಧವೂ ಇಲ್ಲದೆ.

ತಾಯಿ ಬಾಯಿ ಬಿಟ್ಟದ್ದು ತಂದೆ ಹೋಟೆಲಿಗೆ ಹೋದ ಮೇಲೆ. ಮಗಳಿಗೆ ನಾಲ್ಕು ವರ್ಷವಾದಂದಿನಿಂದ ಒಂದು ಪದ್ಧತಿ ನಡೆದುಬಂದಿತ್ತು. ದೀಪಾವಳಿಗೆ ಮೊದಲು ಅವಳನ್ನು ಊರಿಗೆ ಕಳಿಸುವುದು, ಹೋಳಿಯ ಹೊತ್ತಿಗೆ ಕರೆತರುವುದು. ಊರಲ್ಲಿ ಅಜ್ಜಿ, ಅಂದರೆ ತಂದೆಯ ತಾಯಿ. ಅಲ್ಲಿ ಮಗು ಕೆಮ್ಮುವುದೂ ಅಪರೂಪ. ದಿಲ್ಲಿಗೆ ಬಂದ ವಾರದಲ್ಲಿ ಮತ್ತೆ ಶಿಳ್ಳೆ. ಇದಕ್ಕಿಂತ ಬೇರೆ ಪುರಾವೆ ಬೇಕೆ? ಡಾಕ್ಟರುಗಳೂ ಒಪ್ಪಿದ್ದರು, ಗಾಳಿ ಬದಲಾವಣೆಯಷ್ಟು ಒಳ್ಳೆಯ ಮದ್ದಿಲ್ಲ ಎಂದು. ಅಜ್ಜಿ ಫೋನಿನಲ್ಲಿ ಪ್ರತಿಸಲ ಹೇಳುತ್ತಿದ್ದರಂತೆ, ನನ್ನ ಹತ್ತಿರ ಇದ್ದರೆ ಮಗುವಿಗೆ ಒಂದು ಸೀನೂ ಇಲ್ಲ, ನಿನ್ನ ಹತ್ತಿರ ಬಂದರೆ ಆಸ್ಪತ್ರೆ ಎಂದು. ವರ್ಷದ ಅರ್ಧ ಮಗಳಿಲ್ಲದ ತಾಯಿ ಈ ಸಲ ಹಟ ಹಿಡಿದಿದ್ದರು. ಕೋಣೆಗೊಂದು ಗಾಳಿ ಶುದ್ಧಿ ಮಾಡುವ ಯಂತ್ರ ಇಟ್ಟು, ಕಿಟಕಿಗಳ ಸಂದಿಗೆ ಟೇಪು ಅಂಟಿಸಿ, ಈ ಚಳಿಗಾಲ ಮಗಳು ನನ್ನ ಹತ್ತಿರವೇ ಇರುತ್ತಾಳೆ ಎಂದಿದ್ದರು. ಗಂಡ ಒಂದು ಷರತ್ತಿನ ಮೇಲೆ ಒಪ್ಪಿದರು. ಈ ಸಲ ಆಸ್ಪತ್ರೆ ಸೇರಿದರೆ ಮಗು ಶಾಶ್ವತವಾಗಿ ಊರಿಗೆ, ಅಲ್ಲಿನ ಶಾಲೆಗೆ.

"ಸೇರಿಯಾಯ್ತಲ್ಲ ಡಾಕ್ಟ್ರೇ" ಎಂದರು ಆಕೆ. "ಟಿಕೆಟ್ ನೋಡ್ತಾ ಇದ್ದಾರೆ. ನಿಮಗೆ ಬೇರೆ ಏನಾದ್ರೂ ಸಿಕ್ಕಿದ್ರೆ ಮಾತ್ರ ನನ್ನ ಮಗಳು ನನಗೆ."

ಇಂಥ ಮಾತನ್ನು ವೈದ್ಯರ ಮುಂದೆ ಆಡಬಾರದು. ರೋಗ ಹುಡುಕುವ ಕಣ್ಣಿಗೆ ಆಸೆಯ ಕನ್ನಡಕ ಬಿದ್ದರೆ ಇಲ್ಲದ್ದೂ ಕಾಣುತ್ತದೆ. ಆದರೆ ಆಕೆ ಆಡಿಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಊದುವ ಪರೀಕ್ಷೆ ಮಾಡಿಸಿದೆ. ಕೊಳವೆಯೊಳಗೆ ಜೋರಾಗಿ ಊದಿದರೆ ಪರದೆಯ ಮೇಲೆ ಗೆರೆ ಮೂಡುತ್ತದೆ. ಚೆನ್ನಾಗಿ ಊದಿದರೆ ಗೆರೆ ಗುಡ್ಡದಂತೆ ಚೂಪಾಗಿ ಏರಿ ಇಳಿಯುತ್ತದೆ, ಆಸ್ತಮಾ ಇದ್ದರೆ ಇಳಿಯುವ ಬದಿ ಗುಳಿ ಬೀಳುತ್ತದೆ. ಇವಳದು ಏರಿತು, ಅರ್ಧದಲ್ಲಿ ಯಾರೋ ಕತ್ತಿಯಿಂದ ಸವರಿದ ಹಾಗೆ ಚಪ್ಪಟೆಯಾಯಿತು. ಪರೀಕ್ಷೆ ಮಾಡುವವನು ಮಗು ಸರಿಯಾಗಿ ಊದುತ್ತಿಲ್ಲ ಎಂದು ಮತ್ತೆ ಮತ್ತೆ ಊದಿಸಿದ. ಹಿಂದೆ ಬೇರೆ ಕಡೆ ಮಾಡಿಸಿದಾಗಲೂ ಮಗುವಿನ ಪ್ರಯತ್ನ ಸಾಲದು ಎಂದೇ ಬರೆದು ಕೈತೊಳೆದುಕೊಂಡಿದ್ದರು. ನಾನು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಎಲ್ಲವೂ ಒಂದೇ ಎತ್ತರದಲ್ಲಿ ಚಪ್ಪಟೆಯಾಗಿದ್ದವು. ಕಳ್ಳಾಟ ಆಡುವ ಮಗು ಒಂದೊಂದು ಸಲ ಒಂದೊಂದು ಥರ ಆಡುತ್ತದೆ, ಪ್ರತಿಸಲ ಕೂದಲೆಳೆಯಷ್ಟೂ ತಪ್ಪದೆ ಅಷ್ಟೇ ಊದುವುದು ಯಾರಿಂದಲೂ ಆಗದು. ಅವಳು ತನ್ನ ಶಕ್ತಿಯನ್ನೆಲ್ಲ ಹಾಕಿ ಊದಿದ್ದಳು. ಗಾಳಿ ಹೊರಬರಲು ದಾರಿಯೇ ಅಷ್ಟಿತ್ತು.

ಅದೇ ಬೆಳಿಗ್ಗೆ ವಾರ್ಡಿನ ಊಟದ ಗಾಡಿ ಬಂತು. ಮಗು ಚೆನ್ನಾಗಿದ್ದಾಳೆಂದು ಯಾರೋ ಪಥ್ಯ ತೆಗೆದಿದ್ದರು. ಚಪಾತಿ, ಆಲೂಗಡ್ಡೆ ಪಲ್ಯ. ನಾನು ಸುತ್ತು ಮುಗಿಸಿ ಬರುವಷ್ಟರಲ್ಲಿ ಅವಳು ಮತ್ತೆ ಮುಂದಕ್ಕೆ ಬಾಗಿ ಕೂತಿದ್ದಳು, ಮತ್ತೆ ಅದೇ ಒಂದು ಸ್ವರ. ಕಿರಿಯ ವೈದ್ಯ ಆಸ್ತಮಾ ಮರುಕಳಿಸಿದೆ ಎಂದ. ನಾನು ಕೇಳಿದ್ದು ಬೇರೆ: ಊರಲ್ಲಿ ಇವಳು ಏನು ತಿನ್ನುತ್ತಾಳೆ?

ತಾಯಿಗೆ ಪ್ರಶ್ನೆಯೇ ಬೇಸರ ತಂದಿತು. ಊರಲ್ಲಿ ಅಜ್ಜಿ ಮುದ್ದು ಮಾಡಿ ಹಾಳು ಮಾಡಿದ್ದಾರೆ, ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಇಲ್ಲವೆಂದರೆ ನೀರುದೋಸೆಯನ್ನು ಕಾಯಿಹಾಲಲ್ಲಿ ನೆನೆಸಿ ಕೊಡುವುದು ಎಂದರು. ದಿಲ್ಲಿಯಲ್ಲಿ ಅದು ನಡೆಯುವುದಿಲ್ಲ. ಇಲ್ಲಿನ ಮಕ್ಕಳೆಲ್ಲ ಪರಾಠ ತಿಂದು ಗಟ್ಟಿಮುಟ್ಟಾಗಿರುವಾಗ ಗಂಜಿ ಕುಡಿದ ಮಗು ಚಳಿ ತಡೆಯುವುದು ಹೇಗೆ? ಗೋಧಿ ತಿಂದರೆ ಶಕ್ತಿ ಎಂದು ಗಂಡನ ಅಪ್ಪಣೆ. ಹೋಟೆಲಿನವರ ಮಗು ಊಟ ಬೇಡವೆಂದು ಅಳುತ್ತದೆ ಎಂದರೆ ಅವರಿಗೆ ಅವಮಾನ. ಬೆಳಿಗ್ಗೆ ಶಾಲೆಯ ವ್ಯಾನು ಬರುವ ಮೊದಲು ತುಪ್ಪ ಸವರಿದ ಚಪಾತಿ ತಿನ್ನಲೇಬೇಕು. ಒಂದು ಚಪಾತಿಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾಳೆ, ಕೆನ್ನೆಯಲ್ಲಿ ಇಟ್ಟುಕೊಂಡೇ ಕೂರುತ್ತಾಳೆ.

ಊರಿನ ಗಾಳಿ, ದಿಲ್ಲಿಯ ಗಾಳಿ ಎಂದು ಎಲ್ಲರೂ ಲೆಕ್ಕ ಹಾಕುತ್ತಿದ್ದಾಗ ಊರಿನ ತಟ್ಟೆ, ದಿಲ್ಲಿಯ ತಟ್ಟೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಉಸಿರಿನ ಕೊಳವೆಯ ಬೆನ್ನಿಗೆ ಅಂಟಿಕೊಂಡೇ ಅನ್ನದ ಕೊಳವೆ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ಏನೋ ಹಿಂಡುತ್ತಿದ್ದರೆ, ಗಂಜಿ ಜಾರಿ ಹೋಗುತ್ತದೆ. ಚಪಾತಿಯ ತುತ್ತು ಅಲ್ಲಿ ನಿಲ್ಲುತ್ತದೆ, ನಿಂತು ಮುಂದಿನ ಕೊಳವೆಯನ್ನು ಒತ್ತುತ್ತದೆ. ಮಗುವನ್ನು ಶಾಶ್ವತವಾಗಿ ಊರಿಗೆ ಕಳಿಸಿದರೆ ಗಂಜಿಯ ಬಲದ ಮೇಲೆ ಕೆಲವು ಕಾಲ ನಡೆಯುತ್ತಿತ್ತು. ಒಂದು ದಿನ ಯಾವುದೋ ಮದುವೆ ಮನೆಯಲ್ಲಿ ಹೋಳಿಗೆ ತಿಂದು ಎಲೆಯ ಮುಂದೆಯೇ ಉಸಿರು ನಿಲ್ಲುತ್ತಿತ್ತು.

ಬೇರಿಯಂ ಪರೀಕ್ಷೆಗೆ ಬರೆದೆ. ಕದಡಿದ ಸುಣ್ಣದಂಥ ಬಿಳಿ ದ್ರವ ಕುಡಿಸಿ, ಅದು ಇಳಿಯುವಾಗ ಕ್ಷಕಿರಣದಲ್ಲಿ ನೋಡುವ ಪರೀಕ್ಷೆ ಅದು. ಎಕ್ಸ್‌ರೇ ಕೋಣೆಯಲ್ಲಿ ಮಗು ಬಾಯಿ ಬಿಡಲಿಲ್ಲ. ರೇಡಿಯಾಲಜಿಯವರು ತಾಯಿಯನ್ನು ಒಳಗೆ ಕರೆದರು. ತಾಯಿ ಲೋಟ ಕೈಗೆ ತೆಗೆದುಕೊಂಡದ್ದೇ ತಡ, ಮಗುವಿನ ಇಡೀ ಮೈ ಸೆಟೆಯಿತು. ತಾಯಿ ಏನೂ ಯೋಚಿಸದೆ, ದಿನಾ ಮಾಡುವ ಕೆಲಸವನ್ನು ಮಾಡುವಷ್ಟು ಸಹಜವಾಗಿ, ಎಡಗೈಯಲ್ಲಿ ಮಗುವಿನ ಮೂಗು ಹಿಡಿದರು. ಬಾಯಿ ತೆರೆಯಿತು. ಬಲಗೈಯಿಂದ ಬೇರಿಯಂ ಸುರಿದರು.

ನಮ್ಮ ಕಡೆ ಹಟಮಾರಿ ಮಕ್ಕಳಿಗೆ ಕಷಾಯ ಕುಡಿಸುವುದು ಹೀಗೆಯೇ. ನನಗೂ ನನ್ನ ಅಮ್ಮ ಮೂಗು ಹಿಡಿದೇ ಹರಳೆಣ್ಣೆ ಕುಡಿಸಿದ್ದಾರೆ. ಆದರೆ ಈ ಮಗುವಿಗೆ ಉಸಿರಿಗೆ ಇದ್ದದ್ದೇ ಒಂದು ಸಂದಿ. ಕ್ಷಣದಲ್ಲಿ ತುಟಿ ನೀಲಿಯಾಯಿತು, ಕಣ್ಣು ಮೇಲಾಯಿತು. ಅಲ್ಲೇ ನಿಂತಿದ್ದ ನಾನು, ಕಿರಣ ತಡೆಯುವ ಸೀಸದ ಏಪ್ರನ್ನಿನಲ್ಲೇ ಓಡಿ ತಾಯಿಯ ಕೈ ತಳ್ಳಿ, ಮಗುವನ್ನು ಬೋರಲು ಹಿಡಿದು ಬಾಯಿಯೊಳಗಿನದನ್ನು ಹೀರಿ ತೆಗೆಸಿದೆ. ಆಮ್ಲಜನಕದ ಚೀಲ ಒತ್ತಿ ಒತ್ತಿ ಬಣ್ಣ ಮರಳಿತು. ಪರೀಕ್ಷೆ ಅಲ್ಲಿಗೆ ನಿಂತಿತು. ಮನೆಯಲ್ಲೂ ಹೀಗೇ ಮಾಡುತ್ತೀರಾ ಎಂದು ನಾನು ಕಿರುಚಿಯೇ ಕೇಳಿದೆ. ತಾಯಿ ಗೋಡೆಗೆ ಒರಗಿದ್ದರು.

"ಆಫೀಸಿಗೆ ತಡ ಆಗ್ತದಲ್ಲ" ಎಂದರು. "ಮೂಗು ಹಿಡಿದ್ರೆ ಬೇಗ ನುಂಗ್ತಾಳೆ."

ಆ ದಿನ ಮಗುವನ್ನು ಐ.ಸಿ.ಯು.ಗೆ ಸಾಗಿಸಬೇಕಾಯಿತು. ವಿಷಯ ತಿಳಿದು ತಂದೆ ಬಂದವರೇ ಡಿಸ್ಚಾರ್ಜು ಕೇಳಿದರು, ನಾಳೆಯ ವಿಮಾನಕ್ಕೆ ಮಂಗಳೂರು ಎಂದರು. ನಿಮ್ಮ ಪರೀಕ್ಷೆಯಲ್ಲೇ ಮಗು ಸಾಯುತ್ತಿತ್ತು ಎಂದರು. ನನ್ನ ಕೈಯಲ್ಲಿ ನಿಂತುಹೋದ ಪರೀಕ್ಷೆಯ ಒಂದೆರಡು ಚಿತ್ರಗಳು ಮಾತ್ರ ಇದ್ದವು. ಗುಟುಕು ಇಳಿದ ಅರೆಗಳಿಗೆಯಲ್ಲಿ ಅನ್ನನಾಳದ ಎರಡೂ ಬದಿ ಒಳಕ್ಕೆ ಚಿವುಟಿದಂತೆ ಕಾಣುತ್ತಿತ್ತು. ಅದನ್ನು ಅವರ ಮುಂದೆ ಹಿಡಿದೆ. ಈ ಸ್ಥಿತಿಯಲ್ಲಿ ವಿಮಾನ ಹತ್ತಿಸುವುದಾದರೆ ದಾರಿಯಲ್ಲಿ ಏನಾದರೂ ಆದರೆ ಯಾರ ಮಡಿಲಲ್ಲಿ ಆಗಬೇಕೆಂದು ಈಗಲೇ ತೀರ್ಮಾನಿಸಿಕೊಳ್ಳಿ ಎಂದೆ. ಕ್ರೂರವಾದ ಮಾತು. ಬೇಕೆಂದೇ ಆಡಿದೆ. ಅವರು ಕೂತರು.

ಉಳಿದದ್ದು ರಕ್ತನಾಳಗಳನ್ನು ತೋರಿಸುವ ಸಿ.ಟಿ. ಸ್ಕ್ಯಾನು. ಮಗು ಅಲುಗಾಡದೆ ಅಂಗಾತ ಮಲಗಬೇಕು, ಅದಕ್ಕೆ ಎಲ್ಲ ಮಕ್ಕಳಿಗೂ ನಿದ್ದೆಯ ಔಷಧ ಕೊಡುವುದು ರೂಢಿ. ಅರಿವಳಿಕೆಯ ವೈದ್ಯರು ಸಿದ್ಧರಾಗಿಯೇ ಬಂದರು. ನಾನು ಬೇಡ ಎಂದೆ. ಎಚ್ಚರವಿದ್ದಾಗ ಆ ಮಗು ಕತ್ತು ಮೇಲೆತ್ತಿ, ಮೈಯ ಸ್ನಾಯುಗಳನ್ನೆಲ್ಲ ಬಳಸಿ ತನ್ನ ದಾರಿಯನ್ನು ತೆರೆದಿಟ್ಟುಕೊಂಡಿತ್ತು. ನಿದ್ದೆಯಲ್ಲಿ ಆ ಸ್ನಾಯುಗಳು ಸಡಿಲಾದರೆ ಕೊಳವೆ ಮುಚ್ಚಿಕೊಳ್ಳುತ್ತದೆ, ಟ್ಯೂಬು ಹಾಕಹೋದರೆ ಅದು ಹಿಂಡಿದ ಜಾಗವನ್ನು ದಾಟುವ ಭರವಸೆ ಇಲ್ಲ. ಎಚ್ಚರದಲ್ಲೇ ಮಾಡೋಣ ಎಂದಾಗ ಅವರು, ಅಳುವ ಏಳು ವರ್ಷದ ಮಗುವಿನ ಸ್ಕ್ಯಾನು ಕಲಸಿದ ಹಿಟ್ಟಿನಂತೆ ಬರುತ್ತದೆ, ರಕ್ತನಾಳ ಕಾಣಿಸಲು ಚುಚ್ಚುವ ಬಣ್ಣದ ಔಷಧವೂ ದಂಡ ಎಂದರು. ಅದೂ ನಿಜ. ಎರಡು ಅಪಾಯಗಳಲ್ಲಿ ಯಾವುದು ಎಂದು ಆರಿಸಬೇಕಿತ್ತು. ನಾನು ಕಲಸಿದ ಹಿಟ್ಟನ್ನು ಆರಿಸಿದೆ.

ಎರಡು ದಿನ ಅವಳಿಗೆ ಸ್ಕ್ಯಾನಿನ ಪಾಠ. ಐ.ಸಿ.ಯು.ವಿನ ಹಾಸಿಗೆಯ ಮೇಲೆ ಕತ್ತಿನ ಕೆಳಗೆ ಟವೆಲ್ಲಿನ ಸುರುಳಿ ಇಟ್ಟು ಮಲಗುವುದು, ನಾನು ಕೈ ಎತ್ತಿದಾಗ ಉಸಿರು ಹಿಡಿಯುವುದು, ಇಳಿಸಿದಾಗ ಬಿಡುವುದು. ಅವಳು ಮಾತಿಲ್ಲದೆ ಕಲಿತಳು. ಇಂಥ ಮಕ್ಕಳಿಗೆ ಉಸಿರಿನ ಮೇಲಿರುವ ಹಿಡಿತ ಯಾವ ಯೋಗಿಗೂ ಇರುವುದಿಲ್ಲ, ಬದುಕಿದ್ದೇ ಆ ಹಿಡಿತದಿಂದ. ಸ್ಕ್ಯಾನಿನ ದಿನ ತಾಯಿ ಜೊತೆಗೆ ಬರುತ್ತೇನೆಂದಾಗ ಮಗು ತಲೆ ಅಲ್ಲಾಡಿಸಿತು. ನಾನು ಒಬ್ಬಳೇ ಏಪ್ರನ್ನು ಹಾಕಿಕೊಂಡು ಒಳಗೆ ನಿಂತೆ. ಮೊದಲ ಸಲ ಕೆಮ್ಮಿ ಕೆಟ್ಟಿತು. ಎರಡನೆಯ ಸಲ ನಾನು ಕೈ ಎತ್ತಿದೆ, ಅವಳು ನನ್ನ ಕೈಯನ್ನೇ ನೋಡುತ್ತ ಕಲ್ಲಿನಂತೆ ಮಲಗಿದಳು.

ಪರದೆಯ ಮೇಲೆ ರಕ್ತನಾಳದ ಒಂದು ಉಂಗುರ ಸ್ಪಷ್ಟವಾಗಿ ಮೂಡಿತು. ಹೃದಯದಿಂದ ಹೊರಡುವ ಮಹಾಪಧಮನಿ ಉಸಿರಿನ ಕೊಳವೆಯ ಒಂದು ಪಕ್ಕದಿಂದ ಕಮಾನಿನಂತೆ ಬಾಗಿ ಬೆನ್ನಿನ ಕಡೆ ಇಳಿಯಬೇಕು. ಗರ್ಭದಲ್ಲಿ ಎಲ್ಲರಿಗೂ ಅದು ಎರಡು ಕಮಾನಾಗಿಯೇ ಹುಟ್ಟುತ್ತದೆ, ಒಂದು ಕರಗಿಹೋಗುತ್ತದೆ. ಇವಳಲ್ಲಿ ಎರಡೂ ಉಳಿದಿದ್ದವು. ಒಂದು ಬಲದಿಂದ, ಒಂದು ಎಡದಿಂದ ಸುತ್ತಿ ಹಿಂದೆ ಕೂಡಿಕೊಂಡು, ಉಸಿರಿನ ಕೊಳವೆ ಮತ್ತು ಅನ್ನದ ಕೊಳವೆ ಎರಡನ್ನೂ ನಡುವೆ ಹಿಡಿದಿದ್ದವು. ಅವಳು ಬೆಳೆದಂತೆ ಉಂಗುರ ಬಿಗಿಯಾಗುತ್ತ ಬಂದಿತ್ತು. ಕುತ್ತಿಗೆಯ ಕೆಳಗಿನ ದೋಷಕ್ಕೆ ಆರು ವರ್ಷ ಶ್ವಾಸಕೋಶಕ್ಕೆ ಔಷಧ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಗಾದೆಯಲ್ಲಿ ಮಾತ್ರ ಅಂದುಕೊಂಡಿದ್ದೆ.

ತಂದೆತಾಯಿಯನ್ನು ಕೂರಿಸಿ ಚಿತ್ರ ತೋರಿಸಿ ವಿವರಿಸಿದೆ. ಗಾಳಿಗೂ ಇದಕ್ಕೂ ಸಂಬಂಧವಿಲ್ಲ, ಶಸ್ತ್ರಚಿಕಿತ್ಸೆಯೇ ಮದ್ದು, ಆಮೇಲೆ ಮಗು ದಿಲ್ಲಿಯಲ್ಲಿ ಎಲ್ಲ ಮಕ್ಕಳಂತೆ ಇರಬಹುದು ಎಂದೆ. ತಾಯಿಯ ಮುಖದಲ್ಲಿ ಬೆಳಕು ಬಂದದ್ದನ್ನು ಕಂಡೆ. ಅದು ನಿಂತದ್ದು ಗಂಡ ಬಾಯಿ ತೆರೆಯುವವರೆಗೆ. ಅವರು ಚಿತ್ರವನ್ನು ನೋಡಿ, ಹೆಂಡತಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು: "ಅಂದ್ರೆ ನನ್ನ ಅಮ್ಮನ ಕೈಯಲ್ಲಿ ಚೆನ್ನಾಗಿದ್ಲು. ಚಪಾತಿ ತುರುಕಿದ್ದು ನೀನು."

ಗೋಧಿಯ ಅಪ್ಪಣೆ ಯಾರದೆಂದು ನಾನು ಕೇಳಿದೆ. ನನ್ನ ದನಿ ಏರಿತ್ತು. ವೈದ್ಯೆಯಾಗಿ ಆ ಮಾತು ನನ್ನ ಕೆಲಸವಲ್ಲ, ಹೆಣ್ಣಾಗಿ ಸುಮ್ಮನಿರಲು ಆಗಲಿಲ್ಲ. ಅವರು ನನ್ನನ್ನು ನೋಡಲಿಲ್ಲ. ತಾಯಿ ಗಂಡನ ಮಾತನ್ನು ಅಲ್ಲಗಳೆಯಲೂ ಇಲ್ಲ. ಗಾಳಿಯ ಮೇಲಿದ್ದ ತಪ್ಪು ಗಾಳಿಯನ್ನು ಬಿಟ್ಟು ನೇರವಾಗಿ ಆಕೆಯ ತಲೆಗೆ ಬಂದು ಕೂತಿತ್ತು, ಅದನ್ನು ಅಲ್ಲಿಗೆ ದಾಟಿಸಿದ್ದು ನನ್ನ ಸ್ಕ್ಯಾನು.

ಮಕ್ಕಳ ಹೃದಯದ ಶಸ್ತ್ರಚಿಕಿತ್ಸಕರು ಎಡಪಕ್ಕೆಯ ಸಂದಿನಿಂದ ಒಳಹೊಕ್ಕರು. ನಾನು ಹಿಂದೆ ನಿಂತು ನೋಡಿದೆ. ಎರಡು ಕಮಾನುಗಳಲ್ಲಿ ಎಡದ್ದು ಸಣ್ಣದು. ಅದನ್ನು ಮೊದಲು ಚಿಮುಟದಿಂದ ಬಿಗಿಹಿಡಿದು, ಎರಡೂ ಕೈಗಳ, ಕುತ್ತಿಗೆಯ ನಾಡಿ ಮಿಡಿಯುತ್ತಿದೆಯೇ ಎಂದು ನೋಡಿಕೊಂಡ ಮೇಲೆ ಕತ್ತರಿಸಿ ಹೊಲಿದರು. ಕತ್ತರಿಸಿದ ತುದಿಗಳು ಎಳೆದು ಬಿಟ್ಟ ರಬ್ಬರಿನಂತೆ ಎರಡು ಬದಿಗೆ ಸರಿದವು. ಅಷ್ಟು ಬಿಗಿಯಿತ್ತು. ಅವರ ಸುತ್ತ ನಿಂತವರು ನಿಟ್ಟುಸಿರು ಬಿಟ್ಟರು, ನಾನೂ ಬಿಟ್ಟೆ.

ಸಂತೋಷ ಬಹಳ ಕಾಲ ಬಾಳಲಿಲ್ಲ. ಮರುದಿನ ಉಸಿರಿನ ಟ್ಯೂಬು ತೆಗೆದರು. ಮಗು ಒಂದು ಸಲ ಅತ್ತಿತು, ಅಷ್ಟರಲ್ಲಿ ಎದೆ ಗುಳಿಬಿದ್ದು ಮತ್ತೆ ಟ್ಯೂಬು ಹಾಕಬೇಕಾಯಿತು. ಹುಟ್ಟಿನಿಂದ ಹಿಂಡಿಸಿಕೊಂಡ ಕೊಳವೆಯ ಗೋಡೆ ಗಟ್ಟಿಯಾಗಿ ಬೆಳೆದೇ ಇರಲಿಲ್ಲ, ಹಿಡಿತ ಸಡಿಲಾದರೂ ತಾನೇ ಕುಸಿಯುತ್ತಿತ್ತು. ಉಂಗುರ ಕಳಚಿದರೂ ಬೆರಳಿನ ತಗ್ಗು ಒಡನೆ ತುಂಬುವುದಿಲ್ಲ ಎಂದರು ಶಸ್ತ್ರಚಿಕಿತ್ಸಕರು. ಮೊದಲ ವರ್ಷದಲ್ಲೇ ಬಂದಿದ್ದರೆ ಎಂದು ಶುರುಮಾಡಿ, ಐ.ಸಿ.ಯು.ವಿನ ಬಾಗಿಲಲ್ಲಿ ತಾಯಿ ನಿಂತಿರುವುದನ್ನು ಕಂಡು ನಿಲ್ಲಿಸಿದರು. ನಿಲ್ಲಿಸಿದ್ದು ತಡವಾಯಿತು.

ವಾರಕ್ಕಿಂತ ಹೆಚ್ಚು ಹೆಣಗಿದೆವು. ಟ್ಯೂಬು ತೆಗೆಯುವುದು, ಬಿಗಿಯಾದ ಮಾಸ್ಕಿನಿಂದ ಗಾಳಿಯ ಒತ್ತಡ ಕೊಟ್ಟು ಕೊಳವೆ ಕುಸಿಯದಂತೆ ಹಿಡಿಯುವುದು, ಒತ್ತಡ ಸ್ವಲ್ಪ ಸ್ವಲ್ಪವೇ ಇಳಿಸುವುದು. ಮಾಸ್ಕಿನ ಪಟ್ಟಿ ಕೆನ್ನೆಯ ಚರ್ಮ ಸುಲಿಯಿತು. ಅಷ್ಟರಲ್ಲಿ ಊರಿನಿಂದ ಅಜ್ಜಿ ಬಂದಿಳಿದರು. ಬಂದ ದಿನವೇ ಮೊಮ್ಮಗಳ ಕೈ ಹಿಡಿದು ಕೂತರು, ಸೊಸೆಗೆ ಹೆಚ್ಚು ಬೈಯಲೂ ಇಲ್ಲ, ಬೈಯುವ ಅಗತ್ಯ ಯಾರಿಗೂ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಮಾಸ್ಕಿಲ್ಲದೆ ಮಗು ಮಲಗಿಯೇ ಉಸಿರಾಡಿತು. ಕೆಮ್ಮಿದರೆ ನಾಯಿಮರಿ ಬೊಗಳಿದ ಸದ್ದು, ಅದು ಇನ್ನೂ ಕೆಲವು ವರ್ಷ ಇರುತ್ತದೆ. ಆದರೆ ಅಂಗಾತ ಮಲಗಿತ್ತು. ನುಂಗುವ ಪರೀಕ್ಷೆ ಮಾಡಿಸಿದೆವು, ಗಂಜಿ ಇಳಿಯಿತು, ಇಡ್ಲಿ ಇಳಿಯಿತು, ಕೊನೆಗೆ ಅಜ್ಜಿ ಮುರಿದು ಕೊಟ್ಟ ಚಪಾತಿಯ ಚೂರೂ ತಡೆಯಿಲ್ಲದೆ ಇಳಿಯಿತು. ಪಂಪುಗಳನ್ನೆಲ್ಲ ನಿಲ್ಲಿಸಿದೆ. ಸ್ಟೀರಾಯ್ಡು ಇಳಿಸುವ ಕ್ರಮ ಬರೆದುಕೊಟ್ಟೆ.

ಮನೆಗೆ ಕಳಿಸುವ ಹಿಂದಿನ ದಿನ ತಂದೆ ಮಗಳನ್ನು ಕೇಳಿದ್ದರು, ಎಲ್ಲಿಗೆ ಹೋಗುತ್ತೀ ಎಂದು. ಅವರ ಮಟ್ಟಿಗೆ ಅದು ಔದಾರ್ಯ, ಷರತ್ತನ್ನು ಬಿಟ್ಟುಕೊಟ್ಟಿದ್ದರು. ಮಗು ಊರಿಗೆ ಎಂದಿತು. ತಾಯಿ ನನ್ನ ಕೋಣೆಗೆ ಬಂದು ನಿಂತೇ ಮಾತಾಡಿದರು. ಈಗ ಆಕೆಗೆ ಎದುರಾಳಿ ಗಂಡನಲ್ಲ, ಅತ್ತೆಯಲ್ಲ, ಗಾಳಿಯಲ್ಲ. ಮಗಳೇ. ನನ್ನ ಕೈಯಿಂದ ನೀರನ್ನೂ ಕುಡಿಯುತ್ತಿಲ್ಲ, ಲೋಟ ಹಿಡಿದರೆ ಕೈಯಿಂದ ಮೂಗು ಮುಚ್ಚಿಕೊಳ್ಳುತ್ತಾಳೆ ಎಂದರು.

"ನೀವೇ ಅವಳಿಗೆ ಹೇಳಿ ಡಾಕ್ಟ್ರೇ. ನಾನು ಬೇಕಂತ ಮಾಡಿದ್ದಲ್ಲ, ನನಗೆ ಗೊತ್ತಿರ್ಲಿಲ್ಲ ಅಂತ. ನಿಮ್ಮ ಮಾತು ಕೇಳ್ತಾಳೆ."

ಹೌದು, ನನ್ನ ಮಾತು ಕೇಳುತ್ತಿದ್ದಳು. ಸ್ಕ್ಯಾನಿನ ಚಿತ್ರ ತೆಗೆದುಕೊಂಡು ಹೋದೆ, ತಾಯಿ ಹಾಸಿಗೆಯ ಕಾಲ್ಬದಿಯಲ್ಲಿ ನಿಂತರು. ಹುಡುಗಿಗೆ ಬೆರಳಿಟ್ಟು ತೋರಿಸಿದೆ, ಇದು ಉಸಿರು ಹೋಗುವ ದಾರಿ, ಇದು ಊಟ ಹೋಗುವ ದಾರಿ, ಇದು ಎರಡನ್ನೂ ಹಿಡಿದುಕೊಂಡಿದ್ದ ಕಳ್ಳ. ಅವಳು ಗಮನವಿಟ್ಟು ನೋಡಿದಳು. ಇದು ಹೊರಗಿಂದ ಕಾಣುತ್ತದಾ ಎಂದು ಕೇಳಿದಳು. ಇಲ್ಲ, ಒಳಗಿತ್ತು, ದೊಡ್ಡ ಯಂತ್ರಕ್ಕೆ ಮಾತ್ರ ಕಂಡಿತು ಎಂದೆ. ಡಾಕ್ಟರುಗಳಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಮ್ಮ ಹಾಗೆ ಮಾಡುತ್ತಿದ್ದರಾ?

ಹುಡುಗಿ ಚಿತ್ರವನ್ನು ನನಗೆ ಮರಳಿ ಕೊಟ್ಟಳು. ಸಿಟ್ಟಿರಲಿಲ್ಲ. ನಾನು ಏನೋ ತಪ್ಪು ಹೇಳಿದೆ, ಅದನ್ನು ತಿದ್ದಬೇಕು ಎಂಬಂತೆ ನನ್ನನ್ನು ನೋಡಿದಳು.

"ಅಮ್ಮಂಗೆ ಗೊತ್ತಿತ್ತು" ಎಂದಳು. "ಇಲ್ಲಿ ಸಿಕ್ಕಿಕೊಳ್ತದೆ, ಉಸಿರು ಬರೂದಿಲ್ಲ ಅಂತ ನಾನು ದಿನಾ ಹೇಳ್ತಿದ್ದೆ."

ಎದೆಮೂಳೆಯ ಮೇಲ್ತುದಿಯಲ್ಲಿ ಅವಳು ಬೆರಳಿಟ್ಟಿದ್ದಳು, ಸರಿಯಾಗಿ ಉಂಗುರ ಇದ್ದ ಜಾಗದಲ್ಲಿ. ನಾನು ತಾಯಿಯ ಕಡೆ ತಿರುಗಿದೆ, ಮಗು ಕಲ್ಪಿಸಿಕೊಂಡು ಹೇಳುತ್ತಿದೆ ಎಂದು ಆಕೆಯಾದರೂ ಹೇಳಲಿ ಎಂದು.

"ಹೌದು" ಎಂದರು ತಾಯಿ. "ಹೇಳ್ತಿದ್ಲು."